ಬೈಸಿಕೊಳ್ಳಲು ಬಂದ ಮಾಸ್ತರರು

“ನನಗ ಯಾಕ ಬೈಯಂಗಿಲ್ಲ ನೀ? ಮೊದಲ ಅದನ್ನ ಹೇಳು!”

ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ, ತೊಗರಿ ಅಂಗಡಿಯ ಮಾಳಿಗೆಯ ಮೇಲೆ ಯೋಗದ ಕ್ಲಾಸು. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ಕಲ್ಲಿನಾಥ ಮಾಸ್ತರರು ಚಾಪೆಯ ಮೇಲೆ ಕಾಲು ಚಾಚಿ ಕೂತೇ ಜಗಳ ತೆಗೆದಿದ್ದರು. ಎದುರಿಗೆ ನಿಂತ ಯೋಗ ಟೀಚರ್ ಶಾಂಭವಿ ಒಂದು ಕಾಲಕ್ಕೆ ಅವರದೇ ವಿದ್ಯಾರ್ಥಿನಿ. ಪಕ್ಕದ ಚಾಪೆಯಲ್ಲಿ ಹಳೆಯ ಗೆಳೆಯ, ತೊಗರಿ ವ್ಯಾಪಾರಿ ಕರೀಮಸಾಬರು.

ಶಾಂಭವಿ: ನಿಮಗ ಹೆಂಗ ಬೈಲಿ ಸರ? ನಿಮ್ಮ ಮುಂದ ನಿಂತ್ರ ಇನ್ನಾ ಮಗ್ಗಿ ಕೇಳ್ತೀರಿ ಅನಸ್ತದ. ಅದೂ ಅಲ್ದ ನೀವು ಭಾಳ ಛಲೋ ಮಾಡಾಕತ್ತೀರಿ.

ಮಾಸ್ತರರು: ಏನ್ ಛಲೋ? ತಿಂಗಳಾತು, ಕೈ ಮೊಣಕಾಲ ದಾಟಿಲ್ಲ. ಸೊಂಟ ಹಂಗ ಹಿಡಕೊಂಡದ!

ಕರೀಮಸಾಬ: ನಿಮ್ಮ ನಸೀಬ ಛಲೋ ಅದ ಮಾಸ್ತರ. ನನಗ ದಿನಾ, ‘ಹೊಟ್ಟಿ ಒಳಗ ತಗೋರಿ! ಕಿವಿ ದುಕಾನದಾಗ ಇಟ್ಟು ಬಂದೀರೇನು?’ ಅಂತಾರ.

ಮಾಸ್ತರರು: ಅದಕ್ಕ ನಿನ್ನ ಕೈ ಪಾದಕ್ಕ ಮುಟ್ತಾವಲೇ!

ಮಾಸ್ತರರಿಗೆ ಅಳು ಬರುವುದೊಂದೇ ಬಾಕಿ.

ಮಾಸ್ತರರು: ಖರೇ ಹೇಳು ಶಾಂಭವಿ. ನನ್ನ ಕೈ ಬಿಟ್ಟೀದಿ, ಹೌದಿಲ್ಲೊ?

ಶಾಂಭವಿ: ಅಯ್ಯ, ಎಂಥಾ ಮಾತ್ರಿ ಸರ!

ಮಾಸ್ತರರು: ನನಗ ಗೊತ್ತಿಲ್ಲೇನು? ಮೂವತ್ತು ವರ್ಷ ನಾನೂ ಅದನ್ನ ಮಾಡೇನಿ. ಯಾರ ಮ್ಯಾಲ ಆಸೆ ಇತ್ತೊ ಅವರಿಗಷ್ಟ ಬೈತಿದ್ದೆ. ಇವರ ತಲಿಗಿ ಲೆಕ್ಕ ಹೋಗಂಗಿಲ್ಲ ಅಂತ ಗ್ಯಾರಂಟಿ ಆತಂದ್ರ, ‘ಭಾಳ ಛಲೋ, ಕೂಡ್ರು’ ಅಂದು ಮುಂದಿನವರ ಕಡಿ ಹೋಗ್ತಿದ್ದೆ.

ಶಾಂಭವಿ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು.

ಶಾಂಭವಿ: ಸರ... ಎಂಟನೇ ಕ್ಲಾಸಿನ್ಯಾಗ ನನಗ ವರ್ಷಿಡೀ ಹಂಗ ಅಂದೀರಲ್ಲರಿ?

ಮಾಸ್ತರರು: ಅಂದಿದ್ನೇನು?

ಶಾಂಭವಿ: ಅದನ್ನ ಕೇಳಿ ನಮ್ಮಪ್ಪ ಓಣಿಗೆಲ್ಲ ಪೇಡೆ ಹಂಚಿದ್ದ!

ಕರೀಮಸಾಬ: ನಾನೂ ತಿಂದೇನಿ. ಎರಡು.

ಮಾಸ್ತರರು ನಾಲಿಗೆ ಕಚ್ಚಿಕೊಂಡರು. ಮೆಲ್ಲಗೆ ಎದ್ದು ಜಾಗ ಖಾಲಿ ಮಾಡೋಣವೆಂದರೆ ಸೊಂಟ ಬಿಡಲಿಲ್ಲ.

ಶಾಂಭವಿ: ಎಲ್ಲಿಗಿ ಹೊಂಟ್ರಿ? ಕೂಡ್ರಿ! ಮೊಣಕಾಲ ನೆಟ್ಟಗ! ತಿಂಗಳಿಂದ ನೋಡಾಕತ್ತೇನಿ, ಬರೇ ಕುತಿಗಿ ಬಗ್ಗಿಸ್ತೀರಿ. ಸೊಂಟ ಯಾರು ಬಗ್ಗಸ್ಬೇಕು, ನಾನೇನು? ಉಸಿರು ಬಿಡ್ರಿ! ಇನ್ನಾ ಮುಂದ! ಇನ್ನಾ!

“ಯವ್ವಾ, ಸತ್ತೆ!” ಎನ್ನುತ್ತಲೇ ಮಾಸ್ತರರು ಬಾಗಿದರು. ಬೆರಳು ಮೊಣಕಾಲು ದಾಟಿ ಒಂದು ಗೇಣು ಮುಂದೆ ಹೋಯಿತು. ಕಣ್ಣಲ್ಲಿ ನೀರು, ಮುಖದ ತುಂಬ ನಗು. ಅವರಿಗೆ ಅಂಥ ಖುಷಿ ಪೆನ್ಶನ್ ಮಂಜೂರಾದಾಗಲೂ ಆಗಿರಲಿಲ್ಲ.

ಮಾಸ್ತರರು: ಇನ್ನಾ ಬೈಯವಾ, ಬೈ!

ಕರೀಮಸಾಬರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಶಾಂಭವಿ ಅವರತ್ತ ತಿರುಗಿದಳು.

ಶಾಂಭವಿ: ಸಾಬರ, ನೀವು ಭಾಳ ಛಲೋ ಮಾಡಾಕತ್ತೀರಿ.

ಸಾಬರ ನಗು ಅಲ್ಲೇ ನಿಂತಿತು.

ಕರೀಮಸಾಬ: ಯಾ ಅಲ್ಲಾ! ಮೇಡಂ, ನಂದೇನು ತಪ್ಪಾತು? ಹೊಟ್ಟಿ ಒಳಗ ತಗೊಂಡೇನಿ ನೋಡ್ರಿ... ಬೈರಿ!