ಟೀವಿಯೊಳಗೆ ಬಗೆಬಗೆಯ ರಾಕ್ಷಸರು

ಅಂಗಡಿಯಲ್ಲಿ ಹೆದರಿಸುವ ವಸ್ತು ಒಂದಿದ್ದರೆ ಸಾಕು, ಹೆದರುವವರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ. ನಾನು ಯಾರನ್ನೂ ಕರೆದವನಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಸಾಗರ ಪೇಟೆಯಲ್ಲಿ ನನ್ನದು ರೇಡಿಯೋ, ಟೀವಿ ರಿಪೇರಿ ಅಂಗಡಿ. ವಿದ್ಯುತ್ ಯೋಜನೆಯ ಇಂಜಿನಿಯರೊಬ್ಬರು ಒಂದು ಪುಟ್ಟ ಕಂಪ್ಯೂಟರನ್ನು ರಿಪೇರಿಗೆ ಕೊಟ್ಟಿದ್ದರು. ಕಂಪ್ಯೂಟರ್ ಅಂದರೆ ಈಗಿನ ಹಾಗಲ್ಲ, ಟೈಪ್‌ರೈಟರಿನ ಗುಂಡಿಗಳನ್ನು ಕಿತ್ತು ಕರಿ ಡಬ್ಬಿಗೆ ಅಂಟಿಸಿದ ಹಾಗಿತ್ತು. ಟೀವಿಗೆ ಜೋಡಿಸಿ, ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿದರೆ ಒಂದು ಆಟ ಬರುತ್ತಿತ್ತು. ಅವರಿಗೆ ವರ್ಗವಾದಾಗ ಬಂದು, "ನೀವೇ ಇಟ್ಕೊಳ್ಳಿ. ಇದು ಮನೆಗೆ ಬಂದ್ರೆ ನಾನು ತವರಿಗೆ ಹೋಗ್ತೀನಿ ಅಂತಿದಾಳೆ ನನ್ನ ಹೆಂಡತಿ" ಅಂದರು.

ಯಾಕೆ ಅಂತ ದಿನಗಳೆದಂತೆ ಆಡುತ್ತ ಆಡುತ್ತ ಗೊತ್ತಾಯಿತು. ಕತ್ತಿ ಹಿಡಿದ ವೀರನೊಬ್ಬ ಗುಹೆಯಿಂದ ಗುಹೆಗೆ ಹೋಗಬೇಕು. ಮೊದಲು ಬಾವಲಿ. ಆಮೇಲೆ ಹಾವು. ಮುಂದೆ ನಡೆಯುವ ಎಲುಬಿನ ಗೂಡು, ಹೊಡೆದರೆ ಎರಡಾಗುವ ಲೋಳೆ, ಎರಡು ತಲೆಯ ರಾಕ್ಷಸ. ಒಂದಕ್ಕೆ ಹೆದರೋದನ್ನು ಕಲಿತು ಮುಗಿಸುವಷ್ಟರಲ್ಲಿ ಇನ್ನೊಂದು ಬಂದಿರುತ್ತಿತ್ತು. ಅಂಗಡಿಯಲ್ಲಿ ನಾನೊಬ್ಬನೇ ಇದ್ದಾಗ ಅದನ್ನು ಹಾಕುತ್ತಲೇ ಇರಲಿಲ್ಲ.

ಅಂಟುರೋಗ

ಆಟ ಶುರುವಾಗುವ ಮೊದಲು ಕ್ಯಾಸೆಟ್ ಕೆಲವು ನಿಮಿಷ ಕಿರುಚುತ್ತಿತ್ತು. ಹಾಡಲ್ಲ, ಮಾತಲ್ಲ, ಯಾರನ್ನೋ ಗರಗಸದಲ್ಲಿ ಕೊಯ್ದ ಹಾಗೆ.

ಬ್ಯಾಕೋಡಿನಿಂದ ಲಾಂಚಿನಲ್ಲಿ ಹಿನ್ನೀರು ದಾಟಿ ಬಂದ ರೈತರೊಬ್ಬರು ರಿಪೇರಿಗೆ ಕೊಟ್ಟಿದ್ದ ರೇಡಿಯೋ ವಿಚಾರಿಸಲು ಒಳಗೆ ಕಾಲಿಟ್ಟರು. ಅದೇ ಹೊತ್ತಿಗೆ ಕ್ಯಾಸೆಟ್ ಕೂಗಿತು. ಅವರು ಹೊಸಿಲಲ್ಲೇ ನಿಂತರು.

"ಅದಕ್ಕೆ ಏನಾಗಿದೆ?"

"ಏನೂ ಆಗಿಲ್ಲ. ಅದರ ಸ್ವರವೇ ಹಾಗೆ. ಒಳಗೆ ರಾಕ್ಷಸರಿದಾರೆ, ಈಗ ಬರ್ತಾರೆ, ಕೂತ್ಕೊಳ್ಳಿ."

ಅವರು ಕೂರಲಿಲ್ಲ. "ನನ್ನ ರೇಡಿಯೋ ಎಲ್ಲಿಟ್ಟಿದೀರಿ?"

"ಅದರ ಪಕ್ಕದಲ್ಲೇ ಇದೆ. ಇನ್ನೂ ಬಿಚ್ಚಿಲ್ಲ."

"ಬಿಚ್ಬೇಡಿ, ಹಾಗೇ ಕೊಡಿ. ಈಗ ಅದು ಮಾತಾಡಲ್ಲ ಅಷ್ಟೆ. ಈ ಕಿರುಚಾಟ ಕಲಿತು ಮನೆಗೆ ಬಂದ್ರೆ ಏನ್ಮಾಡ್ಲಿ?"

ಎರಡನೇ ಗುಹೆ

ಎರಡನೇ ಗುಹೆಯ ಹಾವು ಹೆಡೆ ಎತ್ತಿ ನಿಲ್ಲುತ್ತಿತ್ತು. ಕತ್ತಿ ಬೀಸಲು ಒಂದು ಗುಂಡಿ ಒತ್ತಿದರಾಯಿತು. ಆದರೆ ಯಾರೂ ಒತ್ತುತ್ತಿರಲಿಲ್ಲ.

ಮೊದಲು ಕೂತವರು ಅಡಿಕೆ ಬೆಳೆಗಾರ ಭಟ್ಟರೊಬ್ಬರು. ಬಾವಲಿಯನ್ನು ಕತ್ತರಿಸಿ ಹಾಕಿದವರು ಹೆಡೆ ಕಂಡದ್ದೇ ಕೈ ಹಿಂದೆ ತೆಗೆದರು. "ನಾಗರ ಇದ್ದು. ಎಂಗೊ ಹೊಡೆಯದಿಲ್ಲೆ" ಅಂದರು, ನಾಗರವನ್ನು ನಾವು ಹೊಡೆಯೋದಿಲ್ಲ ಅಂತ.

"ಬರೀ ಚುಕ್ಕೆಗಳು ಭಟ್ರೇ," ಅಂದೆ.

"ಹಂಗಾದ್ರೆ ನೀನೇ ಹೊಡಿ."

ನಾನು ಗುಂಡಿಯವರೆಗೆ ಬೆರಳು ಒಯ್ದೆ. ಮನೆ, ಮಕ್ಕಳು, ಎಲ್ಲಾ ನೆನಪಾಯಿತು. ವಾಪಸು ತಂದೆ. ಅಷ್ಟರಲ್ಲಿ ಹಾವು ವೀರನನ್ನು ಕಚ್ಚಿತು. ಹೀಗೆ ವಾರಗಟ್ಟಲೆ ನಮ್ಮೂರಿನ ವೀರರೆಲ್ಲ ಅದೇ ಗುಹೆಯಲ್ಲಿ ಸತ್ತರು.

ಕೊನೆಗೆ ಹೊಸನಗರದ ಕಡೆಯ ಶಾಲಾ ಮೇಡಂ ಒಬ್ಬರು ಇಸ್ತ್ರಿಪೆಟ್ಟಿಗೆ ಒಯ್ಯಲು ಬಂದವರು ಇದನ್ನು ನೋಡಿದರು. "ನೀವು ಯಾಕೆ ಅದರ ಮೈಮೇಲೆ ಹೋಗ್ತೀರಿ? ನಮ್ಮನೆ ಬಚ್ಚಲಿಗೆ ಬಂದ್ರೆ ನಾವು ದೂರ ನಿಂತ್ಕೋತೀವಿ. ಅದರ ಪಾಡಿಗೆ ಅದು ಹೋಗುತ್ತೆ" ಅಂದರು. ವೀರನನ್ನು ಗೋಡೆ ಪಕ್ಕ ನಿಲ್ಲಿಸಿದರು. ಅಂಗಡಿ ತುಂಬ ಜನ ಉಸಿರು ಬಿಗಿಹಿಡಿದು ನಿಂತರು. ಹಾವು ಹೆಡೆ ಇಳಿಸಿ, ನಿಧಾನ ಹರಿದು, ಪರದೆಯಾಚೆ ಹೋಯಿತು. ಒಬ್ಬರು ಕೈ ಮುಗಿದರು.

ಮೂರನೇ ಗುಹೆಯ ಬಾಗಿಲು ತೆರೆಯಿತು. ಯಾರೂ ಅದುವರೆಗೆ ನೋಡಿರದ ಎಲುಬಿನ ಗೂಡುಗಳು ಸಾಲಾಗಿ ನಮ್ಮ ಕಡೆಗೇ ನಡೆದು ಬಂದವು.

ಭಟ್ಟರು ಬಾಗಿಲ ಕಡೆ ಸರಿಯುತ್ತ ಹೇಳಿದರು: "ಮೇಡಮ್ಮೋರೇ, ಆ ಹಾವನ್ನ ವಾಪಸು ಕರೀಲಿಕ್ಕೆ ಬತ್ತಾ?"

ಕರೆಂಟ್ ಹೋದಾಗ

ಹುಲಿಕಲ್ ಕಡೆಯ ಫಾರೆಸ್ಟ್ ಗಾರ್ಡ್ ಒಬ್ಬರಿದ್ದರು. ಕಾಡಿನಲ್ಲಿ ಒಂಟಿಯಾಗಿ ಓಡಾಡುವ ಆಳು. ಹುಲಿಯನ್ನು ಮುಖಾಮುಖಿ ನೋಡಿದವರು ಅಂತ ಪ್ರತೀತಿ. ಒಂದು ಮಳೆಗಾಲದ ಮಧ್ಯಾಹ್ನ ಅಂಗಡಿಗೆ ಬಂದು, "ಎಲ್ಲಿ, ತೋರ್ಸಿ ನಿಮ್ಮ ರಾಕ್ಷಸರನ್ನ" ಅಂತ ಕುರ್ಚಿ ಎಳೆದುಕೊಂಡರು.

ಚೆನ್ನಾಗಿಯೇ ಆಡಿದರು. ಎಲುಬಿನ ಗೂಡುಗಳನ್ನು ಪುಡಿ ಮಾಡಿದರು. ಲೋಳೆ ಬಂದಾಗ ಮಾತ್ರ ಹಣೆ ಬೆವರಿತು. ಹೊಡೆದಷ್ಟೂ ಅದು ಎರಡಾಗಿ, ನಾಲ್ಕಾಗಿ ಹತ್ತಿರ ಬಂತು. ಇನ್ನೇನು ಮುಟ್ಟಬೇಕು, ಕರೆಂಟ್ ಹೋಯಿತು. ಹೊರಗೆ ಮೋಡ ಕವಿದಿತ್ತು, ಅಂಗಡಿಯೊಳಗೆ ಕತ್ತಲೆ.

"ಉಳಿದ್ರಿ," ಅಂತ ನಾನು ನಕ್ಕೆ.

ಗಾರ್ಡ್ ನಗಲಿಲ್ಲ. ಮೆಲ್ಲಗೆ ಕೇಳಿದರು: "ಇಷ್ಟೊತ್ತು ಅದು ಎಲ್ಲಿದೆ ಅಂತ ಕಾಣ್ತಿತ್ತು. ಈಗ ಎಲ್ಲಿದೆ?"

ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಕಾಲು ಮೇಲಕ್ಕೆ ಎತ್ತಿಕೊಂಡ ಸದ್ದಷ್ಟೇ ಕೇಳಿಸಿತು. ಕರೆಂಟ್ ಬಂದಾಗ ನೋಡಿದರೆ ನಾನು ಕೌಂಟರಿನ ಮೇಲೆ ಕೂತಿದ್ದೆ.

ಇನ್ನೊಂದು ಬಂತು

ತೀರ್ಥಹಳ್ಳಿಯಲ್ಲಿ ಆಗಷ್ಟೇ ಕ್ಲಿನಿಕ್ ತೆರೆದಿದ್ದ ಹಲ್ಲಿನ ಡಾಕ್ಟರೊಬ್ಬರು ನನಗೆ ಪರಿಚಯ. ಅವರಿಗೆ ದೊಡ್ಡ ಚಿಂತೆ. ರೋಗಿಗಳು ಕೆನ್ನೆ ಹಿಡಿದುಕೊಂಡು ಬೆಂಚಿನವರೆಗೆ ಬರುತ್ತಾರೆ, ಒಳಗಿನ ಇಕ್ಕುಳದ ಸದ್ದು ಕೇಳಿ ವಾಪಸು ಹೋಗುತ್ತಾರೆ. ಹೀಗೇ ಆದರೆ ಬಾಗಿಲು ಹಾಕಬೇಕು ಅನ್ನುತ್ತಿದ್ದರು. ನನ್ನ ಅಂಗಡಿಯ ಆಟ ನೋಡಿದವರೇ, "ಆಡ್ತಾ ಇವರಿಗೆಲ್ಲ ಮೈಮೇಲೆ ಜ್ಞಾನ ಇಲ್ಲ, ಹಲ್ಲು ಕಿತ್ರೂ ಗೊತ್ತಾಗಲ್ಲ. ನನಗೆ ಬೇಕಾಗಿದ್ದು ಇದೇ" ಅಂದರು. ಟೀವಿ, ಕಂಪ್ಯೂಟರ್ ಎಲ್ಲ ಹೊತ್ತು ನಾನೂ ತೀರ್ಥಹಳ್ಳಿ ಬಸ್ ಹತ್ತಿದೆ.

ಒಳಗಿನ ಕೋಣೆಯಲ್ಲಿ ಜೋಡಿಸಿದೆವು. ಬೆಂಚಿಗೂ ಕೋಣೆಗೂ ನಡುವೆ ಒಂದು ಹಸಿರು ಪರದೆ. ಮೊದಲು ಒಳಗೆ ಬಂದವರು ಕೋಣಂದೂರಿನ ಗೌಡರು. ಕೆನ್ನೆ ಬನ್ನಿನ ಹಾಗೆ ಊದಿತ್ತು. ಡಾಕ್ಟರು ಇಂಜೆಕ್ಷನ್ ಕೊಟ್ಟು, "ಮರಗಟ್ಟೋವರೆಗೆ ಆಡ್ತಾ ಇರಿ" ಅಂತ ಟೀವಿ ಮುಂದೆ ಕೂರಿಸಿದರು. ನಾನು ಪಕ್ಕದಲ್ಲಿ ನಿಂತೆ.

ಗೌಡರು ಬೇಗ ಮೈಮರೆತರು. "ಬಂತು ಡಾಕ್ಟ್ರೇ, ಒಂದು ಬಂತು" ಅಂತ ಕೂಗಿದರು.

"ಅದು ಸಣ್ಣದು. ಹೆದರ್ಬೇಡಿ."

"ಅಯ್ಯಯ್ಯೋ, ಇನ್ನೊಂದು ಬಂತು."

"ಬರ್ಲಿ ಬಿಡಿ. ಒಳಗೆ ಇನ್ನೂ ತುಂಬಾ ಇದಾವೆ."

"ಹೊಡೆದ್ರೆ ಎರಡಾಗ್ತಾ ಇದೆಯಲ್ಲ ಡಾಕ್ಟ್ರೇ."

"ಆಗುತ್ತೆ. ಕೈ ನಿಲ್ಲಿಸ್ಬೇಡಿ."

ಆಮೇಲೆ ಒಂದು ದೊಡ್ಡ ಕೂಗು. "ಹೋಯ್ತು. ನಾನು ಸತ್ತೆ."

ಡಾಕ್ಟರು ಸಮಾಧಾನದಿಂದ ಹೇಳಿದರು: "ಪರವಾಗಿಲ್ಲ. ನಿಮಗೆ ಇನ್ನೂ ಎರಡು ಜೀವ ಇದೆ. ಮೊದಲಿಂದ ಶುರು ಮಾಡೋಣ."

ಹೊರಗೆ ದಡದಡ ಸದ್ದಾಯಿತು. ಪರದೆ ಸರಿಸಿ ನೋಡಿದೆ. ಬೆಂಚು ಖಾಲಿ. ಬಾಗಿಲಲ್ಲಿ ಚಪ್ಪಲಿಗಳು ಬಿಟ್ಟಲ್ಲೇ ಇದ್ದವು. ಗೌಡರ ಹೆಂಡತಿ ಒಬ್ಬರೇ ಉಳಿದಿದ್ದರು. ಗಂಡನ ಕೊಡೆಯನ್ನು ಎದೆಗವಚಿಕೊಂಡು ನಿಂತಿದ್ದರು.

"ಡಾಕ್ಟ್ರೇ," ಅಂದರು, "ಆ ಎರಡು ಜೀವನಾದ್ರೂ ಬಿಟ್ಬಿಡಿ. ಅಷ್ಟರಲ್ಲೇ ಹೆಂಗೋ ಮನೆಗೆ ಕರ್ಕೊಂಡು ಹೋಗ್ತೀನಿ."

ಡಾಕ್ಟರು ಅವರನ್ನು ಒಳಗೆ ಕರೆದು, ಇದು ಆಟ ಅಂತ ಟೀವಿ ತೋರಿಸಿದರು. ಗೌಡರನ್ನು ಕೊಂದ ಎರಡು ತಲೆಯ ರಾಕ್ಷಸ ಅದರಲ್ಲಿ ಇನ್ನೂ ಬಾಯಿ ತೆರೆದು ನಿಂತಿತ್ತು, ಎರಡೂ ಬಾಯಿಯ ತುಂಬ ಹಲ್ಲು. ಆಕೆ ಆ ಹಲ್ಲುಗಳನ್ನೆಲ್ಲ ನೋಡಿದರು. ಆಮೇಲೆ ಗಂಡನ ತೋಳು ಹಿಡಿದು ಎಬ್ಬಿಸಿ, ಅವರೇ ಆ ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಡಾಕ್ಟರ ಕಡೆ ತಿರುಗಿದರು.

"ಇವ್ರ ಹಲ್ಲನ್ನ ಈಗ್ಲೇ ಕಿತ್ಬಿಡಿ. ಆ ರಾಕ್ಷಸನದ್ದು ಕೀಳುವಾಗ ನಾವು ಇಲ್ಲಿ ಇರಲ್ಲ."