ಮೂರು ಬೇಲಿ ದಾಟಿದ ಡುಮ್ಮಣ್ಣನವರ ಸನ್ನಿಧಿಗೆ

ಮಾನ್ಯರೇ,

ನಮ್ಮ ಅಂಗಳ, ಹಿತ್ತಿಲು, ಸೋಫಾದ ಎಡಮೂಲೆ ಹಾಗೂ ನನ್ನ ಒಂದು ಜೊತೆ ಚಪ್ಪಲಿಯ ಮೇಲೆ ಏಕಚಕ್ರಾಧಿಪತ್ಯ ಸ್ಥಾಪಿಸಿರುವ ತಮ್ಮ ನಾಲ್ಕೂ ಪಾದಗಳಿಗೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುವ ಈ ದರ್ಜಿಯ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಬೆಳಗಿನಿಂದ ಕಿಟಕಿಯಲ್ಲಿ ಇಣುಕಿ ಇಣುಕಿ ಖಚಿತಪಡಿಸಿಕೊಂಡಿದ್ದೇನೆ. ಆದರೂ ತಮ್ಮ ಮೇಲೆ ನನ್ನದೊಂದು ದೂರಿದ್ದು, ಬೀದಿಯವರೆಲ್ಲ ಓದಲೆಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮನೆ ಮುಂದಿನ ರಸ್ತೆ ಅಗಲವಾಗಿ ಲಾರಿಗಳು ಮೈಮೇಲೆ ದೆವ್ವ ಬಂದ ಹಾಗೆ ಓಡತೊಡಗಿದ ಮೇಲೆ, ತಮ್ಮ ಪ್ರಾಣಕ್ಕೆ ಕುತ್ತು ಬರಬಾರದೆಂಬ ಒಂದೇ ಆಸೆಯಿಂದ ನಾವು ಬೇಲಿಯ ಉಸಾಬರಿಗೆ ಇಳಿದೆವು. ಮೊದಲನೆಯದು ನನ್ನ ಹೆಂಡತಿ ಮೆಚ್ಚಿದ, ಬಿಳಿ ಬಣ್ಣ ಬಳಿದ ಮರದ ಪಟ್ಟಿಗಳ ಬೇಲಿ. ಹೊಲಿದ ಅಂಗಿಯನ್ನು ಗಿರಾಕಿಗೆ ತೊಡಿಸಿ ನೋಡದೆ ನಾನು ಎಂದಾದರೂ ಕೊಟ್ಟಿದ್ದೇನೆಯೇ? ಬೇಲಿಯನ್ನೂ ಪರೀಕ್ಷಿಸಿಯೇ ಒಪ್ಪಬೇಕೆಂದು ಪಟ್ಟು ಹಿಡಿದೆ. ತಮ್ಮನ್ನು ಒಳಗೆ ಬಿಟ್ಟು, ನಾನು, ಹೆಂಡತಿ, ಭಾವಮೈದುನ ಮೂವರೂ ಹೊರಗೆ ನಿಂತು ಬಿಸ್ಕತ್ತಿನ ಡಬ್ಬಿ ಅಲ್ಲಾಡಿಸುತ್ತ, "ಬಾರೋ ಡುಮ್ಮಣ್ಣ, ಬಾ ಬಾ" ಎಂದು ಗಂಟಲು ಹರಿಯುವಂತೆ ಕೂಗಿದೆವು. ತಾವು ಒಂದು ಪಟ್ಟಿಯನ್ನು ಮೂತಿಯಿಂದ ಮೀಟಿ ಬಂದೇಬಿಟ್ಟಿರಿ. ಬೇಲಿ ನಪಾಸಾಯಿತು; ಪಾಪ, ಕಷ್ಟಪಟ್ಟು ಬಂದಿದ್ದೀರೆಂದು ತಮಗೆ ಬಿಸ್ಕತ್ತು ಸಿಕ್ಕಿತು.

ಎರಡನೆಯದು ಭಾವಮೈದುನ ಆರಿಸಿದ ತಂತಿ ಜಾಲರಿ. ಮತ್ತೆ ಅದೇ ಪರೀಕ್ಷೆ, ಅದೇ ಡಬ್ಬಿ, ಅದೇ ಕೂಗು. ತಾವು ಜಾಲರಿಯ ಕೆಳಗೆ ಸುರಂಗ ತೋಡಿ, ಮೂಗಿನ ತುಂಬ ಮಣ್ಣು ಮೆತ್ತಿಕೊಂಡು ಪ್ರತ್ಯಕ್ಷರಾದಾಗ ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕು ಚಪ್ಪಾಳೆ ತಟ್ಟಿದೆವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಮೂರನೆಯದು ಒತ್ತಾಗಿ ಬೆಳೆಸಿದ ಮುಳ್ಳುಗಿಡಗಳ ಸಾಲು. "ಇಷ್ಟು ಹತ್ರ ನಿಂತ್ರೆ ಪರೀಕ್ಷೆ ಏನ್ ಬಂತು ಭಾವ, ರಸ್ತೆ ಆಚೆ ಹೋಗಿ ಕರೆಯೋಣ" ಎಂದು ಭಾವಮೈದುನ ತಲೆ ಓಡಿಸಿದ. ತಾವು ಮುಳ್ಳನ್ನೂ ಲೆಕ್ಕಿಸದೆ ನುಗ್ಗಿ, ನೇರ ರಸ್ತೆಗೆ ಹಾರಿದಿರಿ. ಲಾರಿಯೊಂದು ಕಿರ್ರನೆ ಕಿರುಚಿ ತಮ್ಮ ಬಾಲದಿಂದ ಗೇಣು ದೂರದಲ್ಲಿ ನಿಂತಿತು. ನಾನು ತಮ್ಮನ್ನು ತಬ್ಬಿಕೊಂಡು ರಸ್ತೆಬದಿಯಲ್ಲೇ ಕೂತು ಅತ್ತೆ. ತಾವು ಮಾತ್ರ ಡಬ್ಬಿ ಎಲ್ಲಿ ಎಂದು ನನ್ನ ಜೇಬು ಮೂಸುತ್ತಿದ್ದಿರಿ.

ಆದ್ದರಿಂದ ಮಹನೀಯರಲ್ಲಿ ನನ್ನ ವಿನಮ್ರ ಬೇಡಿಕೆಗಳನ್ನು ಸಲ್ಲಿಸಬೇಕೆಂದಿದ್ದೆ. ತಮಗೆ ಒಪ್ಪಿಗೆಯಾಗುವ ಬೇಲಿಯ ನಕ್ಷೆಯನ್ನು ಹಸಿ ಮಣ್ಣಿನಲ್ಲಿ ಪಂಜದಿಂದ ಗೀಚಿ ದಯಪಾಲಿಸಬೇಕು; ಸುರಂಗ ತೋಡುವ ಮುನ್ನ ಒಂದು ಬೊಗಳಿನ ನೋಟಿಸು ಕೊಡಬೇಕು; ಮುಂದೆಂದಾದರೂ ರೆಕ್ಕೆ ಮೂಡುವ ಸೂಚನೆ ಕಂಡರೆ ಕೂಡಲೇ ತಿಳಿಸಬೇಕು. ಇಷ್ಟರಲ್ಲಿ ಆಳೆತ್ತರದ ಕಬ್ಬಿಣದ ಸರಳಿನ ನಾಲ್ಕನೆಯ ಬೇಲಿಯೂ ಬಂತು, ಆದರೆ ಪರೀಕ್ಷೆ ನಡೆಸುವ ಧೈರ್ಯ ಯಾರಿಗೂ ಇರಲಿಲ್ಲ.

ನಿನ್ನೆ ಮಧ್ಯಾಹ್ನ ಗಿರಾಕಿಯೊಬ್ಬರು ಪ್ಯಾಂಟು ಒಯ್ಯುವಾಗ ಗೇಟನ್ನು ಹಾಗೇ ತೆರೆದಿಟ್ಟು ಹೋಗಿದ್ದರು. ನೋಡಿದವನೇ ಹೊಲಿಯುವುದನ್ನು ಬಿಟ್ಟು ಓಡಿದೆ. ತಾವು ತೆರೆದ ಗೇಟಿನಿಂದ ನಾಲ್ಕು ಮಾರು ಒಳಗೆ, ನೆರಳಿನಲ್ಲಿ ಹೊಟ್ಟೆ ಮೇಲೆ ಮಾಡಿ ಗೊರಕೆ ಹೊಡೆಯುತ್ತಿದ್ದಿರಿ. ಹಿಂದೆಯೇ ಬಂದ ಹೆಂಡತಿ ನೋಡಿ, "ರೀ, ನಾವು ಕರೀದೇ ಇದು ಯಾವತ್ತಾದ್ರೂ ಆಚೆ ಹೋಗಿದ್ಯಾ?" ಎಂದಳು. ತಾವು ಬೇಲಿ ದಾಟಲು ಹೊರಟವರಲ್ಲ ಸ್ವಾಮಿ, ಕರೆದ ನಮ್ಮ ಹತ್ತಿರ ಬಂದಿರಿ, ಅಷ್ಟೆ. ಮಂಡಿಸಿದ ದೂರನ್ನು ಹಿಂದೆಗೆದುಕೊಳ್ಳುತ್ತಿದ್ದೇನೆ. ಇನ್ನು ಮೇಲೆ ತಮ್ಮನ್ನು ಕರೆಯುವುದಿದ್ದರೆ ಒಳಗೆ ನಿಂತೇ ಕರೆಯುತ್ತೇನೆ.

ಕರೆದಾಗ ತಮ್ಮಷ್ಟು ಬೇಗ ಯಾರ ಬಳಿಗೂ ಓಡಿ ಹೋಗದ,
ತಮ್ಮ ವಿಶ್ವಾಸಿ,
ಮನೆಯ ದರ್ಜಿ

ಮರೆತ ಮಾತು: ಇದನ್ನು ಬರೆಯುತ್ತಿರುವಾಗಲೇ ಭಾವಮೈದುನ "ಕಬ್ಬಿಣದ್ದು ಹೇಗಿದೆ ನೋಡೇಬಿಡೋಣ" ಎಂದು ಡಬ್ಬಿ ಹಿಡಿದು ರಸ್ತೆಯ ಆಚೆ ಹೊರಟಿದ್ದ, ಅಂಗಿ ಹಿಡಿದು ಒಳಗೆಳೆದುಕೊಂಡು ಗೇಟಿಗೆ ಬೀಗ ಹಾಕಿದ್ದೇನೆ. ಅವನಿಗೆ ಎಂಥ ಬೇಲಿ ಸರಿಹೋದೀತೆಂದು ತಾವೇ ಸಲಹೆ ಕೊಡಬೇಕು. ಈ ವಿಷಯದಲ್ಲಿ ತಮ್ಮಷ್ಟು ಅನುಭವಸ್ಥರು ನಮ್ಮ ಮನೆಯಲ್ಲಿ ಬೇರೊಬ್ಬರಿಲ್ಲ.