ನಿಂತು ಅಡುಗೆ ಮಾಡುವ ಕಟ್ಟೆ

ಹೆಂಡತಿಗೆ ಒಳ್ಳೆಯದು ಮಾಡಿಯೇ ತೀರುತ್ತೇನೆಂದು ಹಟ ಹಿಡಿದ ಗಂಡಸನ್ನು ನಾಲ್ಕು ದಿನ ಮನೆಯಿಂದ ಹೊರಗಿಡುವುದು ಕ್ಷೇಮ. ಸಿಟ್ಟಿಗೆದ್ದವನನ್ನಾದರೂ ಊಟಕ್ಕೆ ಕರೆದು ಸಮಾಧಾನ ಮಾಡಬಹುದು. ಉಪಕಾರಕ್ಕೆ ನಿಂತವನನ್ನು ತಡೆಯುವುದು ಯಾರಿಂದಲೂ ಆಗದು. ನನ್ನನ್ನೂ ಯಾರೂ ತಡೆಯಲಿಲ್ಲ.

ಆಗ ಯುದ್ಧ ನಡೆಯುತ್ತಿತ್ತು. ನಾನು ನ್ಯಾಮತಿಯಲ್ಲಿ ಶಾಲೆಯ ಮೇಷ್ಟ್ರು. ನನ್ನ ಹೆಂಡತಿ ಗೌರಮ್ಮನಿಗೆ ಮಂಡಿನೋವು. ನೆಲದ ಒಲೆಯ ಮುಂದೆ ಕೂತವಳು ಉಪ್ಪಿಗೊಮ್ಮೆ ಏಳಬೇಕು, ನೀರಿಗೊಮ್ಮೆ ಏಳಬೇಕು. ಎದ್ದಾಗಲೆಲ್ಲ ಗೋಡೆ ಹಿಡಿದು "ಶಿವನೇ" ಅನ್ನುತ್ತಿದ್ದಳು. ಆ ದನಿ ಪಡಸಾಲೆಯಲ್ಲಿ ಕೂತ ನನ್ನವರೆಗೂ ಬರುತ್ತಿತ್ತು. ಹೀಗಿರುವಾಗ ಶಾಲೆಯ ಕೆಲಸದ ಮೇಲೆ ಚನ್ನಗಿರಿಗೆ ಹೋದವನು ಅಲ್ಲಿ ಸಾಹೇಬರೊಬ್ಬರ ಬಂಗಲೆಯ ಅಡುಗೆಮನೆ ನೋಡಿದೆ. ಸೊಂಟದೆತ್ತರದ ಕಲ್ಲಿನ ಕಟ್ಟೆ, ಅದರ ಮೇಲೆ ಒಲೆ. ಅಡುಗೆಯವನು ನಿಂತೇ ಎಲ್ಲ ಮುಗಿಸುತ್ತಿದ್ದ. ನಮ್ಮ ಮನೆಗೂ ಇಂಥದೇ ಆಗಬೇಕೆಂದು ಅಲ್ಲಿಯೇ ತೀರ್ಮಾನಿಸಿಬಿಟ್ಟೆ. ಹೋದ ಕೆಲಸ ಯಾವುದೆಂಬುದು ಊರಿಗೆ ಬಂದ ಮೇಲೆ ನೆನಪಾಯಿತು.

ಕಲ್ಲು ಆರಿಸಲು ಹೊನ್ನಾಳಿಗೆ ಹೋದೆ. ವ್ಯಾಪಾರಿ ಬೂದುಗಲ್ಲು ತೋರಿಸಿ, "ಇದನ್ನ ಒಯ್ರಿ ಮೇಷ್ಟ್ರೇ, ಗಟ್ಟಿ ಐತೆ" ಎಂದ. ನನ್ನ ಕಣ್ಣು ಮಾತ್ರ ಮೂಲೆಯ ಕರಿಗಲ್ಲಿನ ಮೇಲೆ. ಬಗ್ಗಿದರೆ ನನ್ನ ಮೀಸೆ ಕಾಣುವಷ್ಟು ನುಣುಪು. ಹೆಂಡತಿಯ ಒಲೆಗೆ ಕಲ್ಲು ಆರಿಸಲು ಹೋಗಿ ಮೀಸೆ ತೀಡಿಕೊಂಡು ಬಂದವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಆ ಕರಿಗಲ್ಲಿನದೇ ಕಟ್ಟೆ ಎದ್ದಿತು. ಒಂದು ತುದಿಗೆ ಮಣ್ಣಿನ ಒಲೆಯೂ ಕೂತಿತು. ಮರುದಿನ ಒಳಗೆ ಹೋಗಿ ನೋಡುತ್ತೇನೆ, ಗೌರಮ್ಮ ಮುಕ್ಕಾಲಿಯ ಮೇಲಿಂದ ಹೇಗೋ ಹತ್ತಿ, ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿ ಬಡಿಯುತ್ತಿದ್ದಾಳೆ.

"ಇದು ನಿಂತ್ಕಂಡು ಅಡಿಗೆ ಮಾಡಾಕೆ ಕಣೇ" ಎಂದೆ.

"ಕಟ್ಟೆ ಅಂದ ಮ್ಯಾಲೆ ಕೂರಾಕಲ್ವೇನ್ರೀ? ಅರಳಿಕಟ್ಟೆ ಮ್ಯಾಲೆ ನೀವು ನಿಂತಿರ್ತೀರೇನು?"

ದಿನವೂ ಸಂಜೆ ಅರಳಿಕಟ್ಟೆಯ ಮೇಲೆ ಕೂತು ಯುದ್ಧದ ಸುದ್ದಿ ಹೇಳುವವನು ನಾನು.

"ಅಲ್ದೆ, ನಿಂತ್ಕಂಡು ರೊಟ್ಟಿ ಬಡಿದ್ರೆ ಜಗಳಕ್ಕೆ ನಿಂತಂಗೆ ಕಾಣ್ತೈತೆ. ಅಂಥ ರೊಟ್ಟಿ ನಿಮಗೆ ಹೆಂಗೆ ಬಡಿಸ್ಲಿ?" ಎಂದಳು. ಅಂದಿನಿಂದ ಅವಳನ್ನು ಕಟ್ಟೆಯಿಂದ ಕೆಳಗಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಮಂಡಿನೋವು ಇದ್ದಲ್ಲಿಯೇ ಇತ್ತು.

ಅಷ್ಟರಲ್ಲಿ ಕಲ್ಲಿನ ಮೇಲೆ ಅರಿಸಿನದ ಕಲೆ ಬಿತ್ತು. ಹಿತ್ತಾಳೆ ತಂಬಿಗೆ ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ತೋಳು ಸೋಲುವವರೆಗೆ ತಿಕ್ಕಿದೆ. ತಂಬಿಗೆ ಹೊಳೆಯುವುದಾದರೆ ಕಲ್ಲು ಯಾಕೆ ಹೊಳೆಯಬಾರದು? ಒಣಗಿದ ಮೇಲೆ ನೋಡಿದರೆ ಕಟ್ಟೆಯ ತುಂಬ ಬಿಳಿ ಮಚ್ಚೆ. ಮೀಸೆಯೂ ಇಲ್ಲ, ಮುಖವೂ ಇಲ್ಲ. "ಬಾಯಿಲ್ಲದ ಕಲ್ಲಿಗೂ ಹುಳಿ ಉಣಿಸಿದ್ರಾ?" ಎಂದಳು ಗೌರಮ್ಮ. ನಾನು ಬಿಡುವವನೇ? ಕೊಬ್ಬರಿ ಎಣ್ಣೆ ತಂದು ಸವರಿದೆ. ಮಚ್ಚೆ ಮಾಯವಾಗಿ ಕಲ್ಲು ಮೊದಲಿನಂತೆ ಕಪ್ಪಾಯಿತು. ತಲೆಗಿಲ್ಲದ ಎಣ್ಣೆಯನ್ನು ದಿನವೂ ಕಲ್ಲಿಗೆ ಹಚ್ಚತೊಡಗಿದೆ.

ಒಂದು ಬೆಳಗ್ಗೆ ಉಪ್ಪಿನ ಮಡಕೆಗೆ ಕೈ ಚಾಚಿದ ಗೌರಮ್ಮ ಕೂತಲ್ಲಿಂದಲೇ ಜಾರಿ ಕಟ್ಟೆಯ ಅಂಚಿಗೆ ಬಂದುಬಿಟ್ಟಳು. ಓಡಿ ಹಿಡಿದೆ. ಅವಳು ಬಹಳ ಹೊತ್ತು ನನ್ನ ಹೆಗಲು ಬಿಡಲಿಲ್ಲ. ಬಿದ್ದಿದ್ದರೆ ಮಂಡಿಯ ಗತಿ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಭಯವಾಗುತ್ತದೆ. ಕೂಡಲೇ ಅವಳು ಕೂರುವ ಜಾಗಕ್ಕೆ ಗೋಣಿತಾಟು ಹಾಸಿ, "ನೀನು ಅಲುಗಾಡಬೇಡ. ಏನು ಬೇಕೋ ಹೇಳು, ನಾನು ಕೊಡ್ತೀನಿ" ಎಂದೆ.

ಆ ಮಾತೇ ನನಗೆ ಮುಳುವಾಯಿತು. ಮೊದಲು ಉಪ್ಪು ಕೊಟ್ಟೆ, ನೀರು ಕೊಟ್ಟೆ. ಆಮೇಲೆ, "ಹೆಂಗೂ ನಿಂತಿದ್ದೀರಲ್ಲ, ಸಾರು ಒಂಚೂರು ತಿರುವ್ರಿ" ಎಂದಳು. ಅದಾದ ಮೇಲೆ, "ರೊಟ್ಟಿ ಮಗುಚಿ ಹಾಕ್ರಿ." ಬರಬರುತ್ತ ಬಡಿಯುವುದೂ ನನಗೇ ಬಂತು.

ಈಗ ಗೌರಮ್ಮ ಗೋಣಿತಾಟಿನ ಮೇಲೆ ಕಾಲು ಚಾಚಿ ಕೂತು ಅಪ್ಪಣೆ ಕೊಡಿಸುತ್ತಾಳೆ. ಮಂಡಿನೋವು ಇಳಿದಿದೆ. ಕಲ್ಲಿನ ಕಟ್ಟೆಯಿಂದಲೇ ಗುಣವಾಯಿತೆಂದು ಕೇರಿಯಲ್ಲೆಲ್ಲ ಹೇಳಿಕೊಂಡು ಬರುತ್ತೇನೆ, ಸುಳ್ಳೇನೂ ಅಲ್ಲ. ನಿಂತು ಅಡುಗೆ ಮಾಡುವ ಪದ್ಧತಿಯೂ ನಮ್ಮ ಮನೆಗೆ ಬಂತು. ಸಾರು ಇಳಿಸಿ ಪಡಸಾಲೆಗೆ ಬಂದು ಕೂರುತ್ತೇನೆ. ಮತ್ತೆ ಏಳುವಾಗ ಗೋಡೆ ಹಿಡಿದು "ಶಿವನೇ" ಅನ್ನುತ್ತೇನೆ.

"ಪಡಸಾಲ್ಯಾಗೂ ಒಂದು ಕಟ್ಟೆ ಕಟ್ಟಿಸಾನೇನ್ರೀ?" ಎಂದು ಒಳಗಿನಿಂದ ಗೌರಮ್ಮ ಕೇಳುತ್ತಾಳೆ.